ಗುರುಗಳು ಮೊದಲು ಹತ್ತುವ ಸೈಕಲ್ಲು

ಬೆಟ್ಟದ ಬುಡದಲ್ಲಿ, ಹೊಳೆಯ ದಡಕ್ಕೆ ಅಂಟಿಕೊಂಡು ಒಂದು ತಗಡಿನ ಶೆಡ್ಡು. ಜನ ಅದನ್ನು ಆಶ್ರಮ ಅನ್ನುತ್ತಿದ್ದರು. ಕಾವಿಯೂ ಇಲ್ಲ, ಭಜನೆಯೂ ಇಲ್ಲ, ಎಂಥ ಆಶ್ರಮವೋ! ಗ್ಯಾಸ್ ಸಿಲಿಂಡರು, ಅರ, ಗರಗಸ, ಒಂದಷ್ಟು ಉಕ್ಕಿನ ಕೊಳವೆ, ಜೊತೆಗೆ ಬಸವಲಿಂಗಯ್ಯ ಅಂತ ಒಬ್ಬ ಗುರು. ಇಷ್ಟೇ.

ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಬೆಟ್ಟದ ಕಲ್ಲುದಾರಿಯಲ್ಲಿ ಓಡಿಸುವ ಸೈಕಲ್ಲಿನ ಫ್ರೇಮನ್ನು ತಾನೇ ಅಳೆದು, ತಾನೇ ಕತ್ತರಿಸಿ, ತಾನೇ ಬೆಸೆಯುವುದು.

ಬರುವವರು ಯಾರೂ ಕಸುಬಿನವರಲ್ಲ. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಬೇಕರಿಯವನು, ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬಾಕೆ. ಅಂಗಡಿಯಲ್ಲಿ ಸಿಗುವ ಸಾಮಾನಿಗೆ ಇಷ್ಟೊಂದು ಬೆವರು ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಯಾರ ಫ್ರೇಮೇ ಮುಗಿಯಲಿ, ಚಕ್ರ ಹಾಕಿ ಬೆಟ್ಟದ ತುದಿಗೆ ಒಯ್ಯಬೇಕು. ಅಲ್ಲಿಂದ ಮೊದಲ ಸಲ ಇಳಿಯುವವರು ಗುರುಗಳು. ಮಾಡಿದವರ ಸರದಿ ಆಮೇಲೆ. ಅರವತ್ತು ದಾಟಿದ ಮನುಷ್ಯ, ಮಂಡಿನೋವು ಬೇರೆ. ಆದರೂ ಪದ್ಧತಿ ಬಿಟ್ಟವರಲ್ಲ.

ಚಿದಂಬರ ಅಲ್ಲಿಗೆ ಶಿಷ್ಯನಾಗಿ ಬಂದ. ಊರಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ. ಕೂತಲ್ಲಿ ಕೂರದ ಆಸಾಮಿ. ಕೊಳಲು ಕಲಿಯುತ್ತೇನೆ ಅಂತ ಹೊರಟು ಸರಳೆ ಮುಗಿಯುವ ಮೊದಲೇ ಬಿಟ್ಟ. ಜೇನು ಸಾಕುತ್ತೇನೆ ಅಂತ ಪೆಟ್ಟಿಗೆ ತಂದ. ಹುಳ ಬಂದು ಕೂರುವ ಹೊತ್ತಿಗೆ ಅವನ ಮನಸ್ಸು ಈಜಿನ ಕಡೆ ಹಾರಿತ್ತು. ಮನೆ ತುಂಬ ಅವನು ಅರ್ಧಕ್ಕೆ ಬಿಟ್ಟ ಸಾಮಾನು.

ಹೆಂಡತಿ ಮೈತ್ರಾ ಜಗಳ ಆಡುವುದನ್ನೂ ಬಿಟ್ಟಿದ್ದಳು. ಫ್ರೇಮಿನ ಸುದ್ದಿ ಎತ್ತಿದಾಗ "ಆಯ್ತು, ಮಾಡಿ" ಅಂದಳು, ತಲೆ ಎತ್ತಲಿಲ್ಲ. ಬೈದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಈ ಒಂದನ್ನಾದರೂ ಮುಗಿಸಬೇಕು, ಅವಳ ಕಣ್ಣೆದುರಿಗೇ ಬೆಟ್ಟ ಇಳಿದು ತೋರಿಸಬೇಕು ಅಂತ ಹಟ ಹಿಡಿದ.

ಹಟವೇನೋ ಸರಿ, ಕೈಗೆ ತಾಳ್ಮೆ ಬೇಡವೇ? ಅಳೆಯುವಾಗ ಕತ್ತರಿಸುವ ಯೋಚನೆ, ಕತ್ತರಿಸುವಾಗ ಬೆಸೆಯುವ ಯೋಚನೆ, ಬೆಸೆಯುವಾಗ ಬಣ್ಣದ ಯೋಚನೆ. ಎರಡು ಕೊಳವೆ ಹಾಳಾಗುವವರೆಗೂ ಗುರುಗಳು ಸುಮ್ಮನೆ ನೋಡಿದರು. ಆಮೇಲೆ ಕೇಳಿದರು:

"ಎಲ್ಲಿಗಪ್ಪ ಹೋಗಬೇಕು?"

"ಎಲ್ಲಿಗೂ ಇಲ್ಲ, ಗುರುಗಳೇ."

"ಮತ್ತೆ ಬಸ್ಸು ತಪ್ಪಿಹೋಗೋ ಹಾಗೆ ಆಡ್ತಿದ್ದೀಯಲ್ಲ."

ಚಿದಂಬರ ನಕ್ಕ. ಕೈಯಲ್ಲಿದ್ದ ಅರ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಉಳಿದದ್ದು ಮುಂದಿನ ಬೆಸುಗೆ, ಹ್ಯಾಂಡಲ್ ಕೂರುವ ಜಾಗದ್ದು. ಇಳಿಜಾರಿನಲ್ಲಿ ಪೆಟ್ಟೆಲ್ಲ ಬೀಳುವುದು ಅಲ್ಲಿಗೇ. ಹಿತ್ತಾಳೆ ಕರಗಿಸಿ ಬೆಸೆದ ಮೇಲೆ ಅದು ಗಾಳಿಯಲ್ಲಿ ತಾನಾಗಿ ಆರಬೇಕು, ನೀರು ಸೋಕಿಸಿದರೆ ಬಿರುಕು ಬಿಡುತ್ತದೆ ಅಂತ ಗುರುಗಳು ಎಲ್ಲರಿಗೂ ಹೇಳಿಯೇ ಹೇಳುತ್ತಿದ್ದರು. ಚಿದಂಬರ ಆ ಬೆಸುಗೆ ಹಾಕಿದ್ದು ಶನಿವಾರ ಮಧ್ಯಾಹ್ನ. ಭಾನುವಾರ ಬೆಟ್ಟ ಇಳಿಯುವುದನ್ನು ನೋಡಲು ಬಾ ಅಂತ ಮೈತ್ರಾಗೆ ಆಗಲೇ ಹೇಳಿಯಾಗಿತ್ತು. ಇನ್ನು ಬಣ್ಣ ಬಳಿಯಬೇಕು, ಅದು ಒಣಗಬೇಕು, ಚಕ್ರ ಕೂರಿಸಬೇಕು.

ಗುರುಗಳು ಊಟಕ್ಕೆ ಹೋಗಿದ್ದರು. ಅವನು ಕೂತ. ಎದ್ದ. ಶೆಡ್ಡಿನ ಸುತ್ತ ಓಡಾಡಿದ. ಬೆಸುಗೆಯ ಹತ್ತಿರ ಅಂಗೈ ಒಡ್ಡಿ ನೋಡಿದ, ಇನ್ನೂ ಬೆಂಕಿ. ಮತ್ತೆ ಕೂತ, ಮತ್ತೆ ಎದ್ದ. ಆಮೇಲೆ ಫ್ರೇಮನ್ನು ಎತ್ತಿಕೊಂಡು ಸೀದಾ ಹೊಳೆಗೆ ಇಳಿದು ಅದರ ಮೂತಿಯನ್ನು ನೀರಿಗೆ ಮುಳುಗಿಸಿಯೇಬಿಟ್ಟ.

ಚುಂಯ್ ಅಂತ ಆವಿ ಎದ್ದಿತು. ಒಳಗೆಲ್ಲೋ ಟಿಕ್ ಅಂತ ಒಂದು ಸಣ್ಣ ಸದ್ದು.

ಎತ್ತಿ ನೋಡಿದರೆ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ. ಅರದ ಗೀರು ಇರಬೇಕು ಅಂದುಕೊಂಡ. ಅರ ಆ ಜಾಗದ ಹತ್ತಿರಕ್ಕೂ ಹೋಗಿರಲಿಲ್ಲ, ಅದು ಅವನಿಗೂ ಗೊತ್ತು. ಗುರುಗಳು ವಾಪಸು ಬರುವಷ್ಟರಲ್ಲಿ ಗೆರೆಯ ಮೇಲೆ ನೀಲಿ ಬಣ್ಣ ಬಿದ್ದಿತ್ತು.

"ಆರಿತ್ತೇನಪ್ಪ?" ಅಂತ ಕೇಳಿದರು ಗುರುಗಳು.

"ಆರಿತ್ತು, ಗುರುಗಳೇ."

ಸುಳ್ಳಲ್ಲ ನೋಡಿ. ಆರಿಯೇ ಇತ್ತು.

ಭಾನುವಾರ ಬೆಳಿಗ್ಗೆ ಮೈತ್ರಾ ಬಂದಳು. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ನೀಲಿ ಕೊಳವೆಯ ಮೇಲೆ ಕೈ ಸವರಿದಳು. ಇದೆಲ್ಲ ನೀವೇ ಮಾಡಿದ್ದಾ ಅಂತ ಕೇಳಿ, ಅವನ ಮುಖವನ್ನು ಕಣ್ತುಂಬ ನೋಡಿದಳು. ಎಷ್ಟು ಕಾಲವಾಗಿತ್ತೋ ಅವಳು ಹಾಗೆ ನೋಡಿ! ಹೂಂ ಅಂದ. ಅವಳು ಕೆಳಗೆ ಬಂಡೆಯ ಮೇಲೆ ಕೂತಳು. ಗುರುಶಿಷ್ಯರು ಬೆಟ್ಟ ಹತ್ತತೊಡಗಿದರು.

ಸೈಕಲ್ಲು ತಳ್ಳುತ್ತಿದ್ದವನು ಚಿದಂಬರ. ಗುರುಗಳು ಪಕ್ಕದಲ್ಲಿ ನಡೆಯುತ್ತ ಅದೂ ಇದೂ ಮಾತಾಡುತ್ತಿದ್ದರು. ಪರೀಕ್ಷೆ ಸಮಯದಲ್ಲಿ ಅಂಗಡಿಗೆ ಗಿರಾಕಿಗಳು ಜಾಸ್ತಿಯೋ ಅಂತ ವಿಚಾರಿಸಿದರು. ಅವನ ಕಣ್ಣೆಲ್ಲ ಆ ಬೆಸುಗೆಯ ಮೇಲೆ.

ಸಮಾಧಾನಕ್ಕೆ ಅವನೊಂದು ದಾರಿ ಕಂಡುಕೊಂಡ. ಇವರಿಗೆ ತಿಳಿಯದೆ ಇರುತ್ತದೆಯೇ? ಗರಗಸದ ಸದ್ದು ಕೇಳಿಯೇ ಅಲಗು ಮೊಂಡಾಗಿದೆ ಅನ್ನುವ ಮನುಷ್ಯ. ಖಂಡಿತ ಗೊತ್ತು. ಗೊತ್ತಿದ್ದೇ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ. ತುದಿ ಬಂದಾಗ ತಾವೇ ನಿಲ್ಲುತ್ತಾರೆ, ನಾಲ್ಕು ಮಾತು ಬೈಯುತ್ತಾರೆ, ಬೈಯಲಿ.

ಹೀಗೆ ಅಂದುಕೊಂಡು ನಾಲ್ಕು ಹೆಜ್ಜೆ ನೆಮ್ಮದಿಯಾಗಿ ನಡೆಯುವನು, ಐದನೆಯದಕ್ಕೆ ಕಣ್ಣು ಮತ್ತೆ ಬೆಸುಗೆಯ ಮೇಲೆ. ಒಮ್ಮೆ ತಡೆಯಲಾರದೆ, ನಿಮಗೆ ಮಂಡಿ ನೋವಲ್ಲವೇ, ಈ ಸಲ ಮೊದಲು ನಾನೇ ಇಳಿಯುತ್ತೇನೆ ಅಂದು ನೋಡಿದ. ಗುರುಗಳು ಒಪ್ಪಲಿಲ್ಲ. ಫ್ರೇಮು ಚೆನ್ನಾಗಿ ಬಂದಿದೆ, ಇಂಥದ್ದು ಸಿಕ್ಕರೆ ಮಂಡಿಗೆ ಹಬ್ಬ ಅಂತ ತಮಾಷೆ ಮಾಡಿದರು. ಆ ಹೊಗಳಿಕೆ ಕೇಳಿ ಅವನಿಗೆ ಭೂಮಿಗಿಳಿದುಹೋಗಬೇಕು ಅನ್ನಿಸಿತು.

ತುದಿ ಬಂತು. ಗುರುಗಳು ನಿಲ್ಲಲಿಲ್ಲ.

ಹೆಲ್ಮೆಟ್ ಹಾಕಿಕೊಂಡು ಪಟ್ಟಿ ಬಿಗಿದರು. ಬ್ರೇಕು ಹಿಡಿದು ನೋಡಿದರು. ಕಾಲೆತ್ತಿ ಸೀಟಿನ ಮೇಲೆ ಕೂತರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಚಿದಂಬರ ಕಾದ. ದೂರದಲ್ಲಿ, ಕೆಳಗೆ, ಮೈತ್ರಾ ಬಂಡೆಯಿಂದ ಎದ್ದು ಕೈ ಬೀಸಿದಳು. ಗುರುಗಳು ಅವಳಿಗೆ ಕೈ ಬೀಸಿ, ಪೆಡಲಿನ ಮೇಲೆ ಕಾಲಿಟ್ಟರು. ಚಕ್ರ ಉರುಳಿತು.

ಅವನು ಓಡಿಹೋಗಿ ಹಿಂದಿನಿಂದ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬೇಡಿ, ಗುರುಗಳೇ. ಮುಂದಿನ ಬೆಸುಗೆ ಬಿಸಿ ಇದ್ದಾಗಲೇ ನೀರಿಗೆ ಹಾಕಿದೆ. ಬಿರುಕು ಬಿಟ್ಟಿತ್ತು. ಕಂಡೂ ಬಣ್ಣ ಬಳಿದೆ."

ಗುರುಗಳು ಇಳಿದರು. ಮುಂದಿನ ಚಕ್ರವನ್ನು ಒಂದು ಬಂಡೆಗೆ ಆನಿಸಿ, ಮೈಭಾರವೆಲ್ಲ ಹಾಕಿ ಒಮ್ಮೆ ನೂಕಿದರು. ನೀಲಿ ಬಣ್ಣ ಬಿರಿಯಿತು. ಇನ್ನೊಮ್ಮೆ ನೂಕಿದರು. ಬೆಸುಗೆ ಬಾಯಿ ಬಿಟ್ಟು, ಹ್ಯಾಂಡಲ್ಲು ಒಂದು ಪಕ್ಕಕ್ಕೆ ವಾಲಿಕೊಂಡಿತು.

ಅವರು ಹೆಲ್ಮೆಟ್ ತೆಗೆಯಲು ಹೋದರು. ಬೆರಳು ಕೊಂಡಿಯ ಮೇಲೆ ಜಾರಿ ಜಾರಿ ಹೋದವು, ಪಟ್ಟಿ ಬಿಚ್ಚಲು ಆಗಲಿಲ್ಲ. ಹಾಗೇ ನೆಲದ ಮೇಲೆ ಕೂತುಬಿಟ್ಟರು. ಕೆಳಗಿನ ಇಳಿಜಾರಿನ ಕಲ್ಲುಗಳನ್ನೇ ನೋಡುತ್ತಿದ್ದರು.

ಚಿದಂಬರ ಆ ಬೆರಳುಗಳನ್ನು ನೋಡಿದ.

"ನಿಮಗೆ ಗೊತ್ತಿತ್ತಲ್ವಾ, ಗುರುಗಳೇ?"

"ಇಲ್ಲ."

"ಪರೀಕ್ಷೆ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ."

"ಇಲ್ಲಪ್ಪ. ಹೊರಟೇಬಿಡ್ತಿದ್ದೆ."

ಅವನು ಅಲ್ಲೇ ಕುಸಿದು ಕೂತು ಅತ್ತ. ನಾಚಿಕೆ ಬಿಟ್ಟು, ಸದ್ದು ಮಾಡಿ ಅತ್ತ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಕೆಳಗೆ ಮೈತ್ರಾ, ಏನಾಯಿತೋ ತಿಳಿಯದೆ, ದಾರಿ ಹಿಡಿದು ಮೇಲಕ್ಕೆ ಹತ್ತಿ ಬರುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಅವನು ಮುಖ ಒರೆಸಿಕೊಂಡ.

"ನೀವು ಗುರುಗಳು. ನೋಡಿದ ಕೂಡಲೇ ನಿಮಗೆ ತಿಳಿಯುತ್ತೆ ಅಂತ ನಂಬಿಕೊಂಡು ಇಲ್ಲೀತನಕ ಬಂದುಬಿಟ್ಟೆ."

ಗುರುಗಳು ಮುರಿದ ಬೆಸುಗೆಯ ಮೇಲೆ ಬೆರಳಾಡಿಸಿದರು.

"ಬಣ್ಣ ಬಿದ್ದ ಮೇಲೆ ಒಳಗೇನಿದೆ ಅಂತ ಯಾವ ಗುರುವಿಗೂ ಕಾಣೋಲ್ಲಪ್ಪ. ಮಾಡಿದವನಿಗೆ ಮಾತ್ರ ಕಾಣುತ್ತೆ."