ತಿಪ್ಪವ್ವ ಮಡಚಿದ ಛತ್ರಿ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟುವ ಮೊದಲು, ಬಿಸಿಲು ಸೀಮೆಯ ಒಂದೂರಲ್ಲಿ ತಿಪ್ಪವ್ವ ಅಂತ ಒಬ್ಬಳಿದ್ದಳಂತೆ. ಈಚಲ ಪೊರಕೆ ಕಟ್ಟಿ ಮಾರೋಳು. ಮಹಾ ಅನುಮಾನದ ಹೆಂಗಸು. ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದಳಂತೆ. ಹುಣ್ಣಿಮೆ ಚಂದ್ರನನ್ನು ನೋಡಿ, ನಾಳೆಯಿಂದ ಇದನ್ನು ಕದಿಯೋರು ಯಾರು ಅಂತ ಕೇಳಿದ್ದಳು ಅಂತಲೂ ಹೇಳುತ್ತಾರೆ. ಅಷ್ಟನ್ನು ನಾನು ನಂಬೊಲ್ಲ, ಬಿಡಿ.

ಊರ ನಡುವೆ ಸಿಹಿನೀರಿನ ಬಾವಿ. ತಿಪ್ಪವ್ವನ ಕೇರಿಯವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಅವಳ ಬಸುರಿ ಸೊಸೆ ಬಾತ ಕಾಲಲ್ಲೇ ದೂರದ ಹಳ್ಳದಿಂದ ಉಪ್ಪುನೀರು ಹೊತ್ತು ತರುತ್ತಿದ್ದಳು. ಅಷ್ಟರಲ್ಲಿ, ಬಾವಿ ಎಲ್ಲರಿಗೂ ಸೇರಿದ್ದು ಎಂದು ಅರಸನ ಅಪ್ಪಣೆ ಬಂತಂತೆ. ಆದರೆ ಅಪ್ಪಣೆ ಬಂದರೆ ಸಾಲದು, ಊರ ಕೂಟ ಒಪ್ಪಬೇಕು. ಗೌಡರು, ಅದಕ್ಕೇನು, ನಾವೆಲ್ಲ ಒಂದೇ ಅಂದರು. ಆ ನಯ ಕೇಳಿಯೇ ತಿಪ್ಪವ್ವ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳಂತೆ.

ಕೂಟ ಹುಣ್ಣಿಮೆಗೊಮ್ಮೆ ಸೇರುತ್ತಿತ್ತು. ತಿಪ್ಪವ್ವನ ಕೇರಿಯವರು ನೆಲದ ಮೇಲೆ ಎಳೆದ ಗೆರೆಯ ಆಚೆಯೇ ನಿಂತು ಕೇಳಬೇಕಿತ್ತು. ಸಂಜೆ ಕಲ್ಲುಕಂಬದ ನೆರಳು ಬೆಳೆದು ಗೌಡರು ಕೂರುವ ಕಲ್ಲನ್ನು ಮುಟ್ಟಿತೋ, ಕೂಟ ಮುಗಿಯಿತು. ಉಳಿದ ಮಾತು ಮುಂದಿನ ಹುಣ್ಣಿಮೆಗೆ. ಅದು ಕಟ್ಟಳೆ. ಬಾವಿಯ ಮಾತು ಯಾವಾಗಲೂ ಕೊನೆಗೆ. ಹೋರಿಯ ಕೊಂಬು, ಬೇಲಿಯ ಮುಳ್ಳು ಎಲ್ಲ ಮಾತಾಡಿ, ಬಾವಿ ಅನ್ನುವಷ್ಟರಲ್ಲಿ ನೆರಳು ಬಂದುಬಿಡುತ್ತಿತ್ತಂತೆ. ಗೌಡರು ಪಾಪ, ನಿಟ್ಟುಸಿರು ಬಿಟ್ಟು ಏಳುತ್ತಿದ್ದರಂತೆ.

ಸೊಸೆಗೆ ದಿನ ತುಂಬಿದ ಹುಣ್ಣಿಮೆ. ಗೆರೆಯಾಚೆ ನಿಂತಿದ್ದ ತಿಪ್ಪವ್ವ ಗೌಡರ ಬಾಯಿ ನೋಡುವುದು ಬಿಟ್ಟು ನೆಲ ನೋಡಿದಳು. ಕಂಬದ ನೆರಳು ಇನ್ನೂ ದೂರವಿತ್ತು. ಬಾವಿಯ ಮಾತು ಬಂದದ್ದೇ ಗೌಡರ ಆಳು ಮೆಲ್ಲಗೆ ಮುಂದೆ ಸರಿದು ಛತ್ರಿ ಬಿಚ್ಚಿದ. ಛತ್ರಿಯ ನೆರಳು ಕಂಬದ ನೆರಳಿಗೆ ಕೂಡಿ ಕಲ್ಲು ಮುಟ್ಟಿತು.

ತಡೆಯುವವರು ಏಳುವ ಮೊದಲೇ ತಿಪ್ಪವ್ವ ಗೆರೆ ದಾಟಿದಳಂತೆ. ಛತ್ರಿ ಕಿತ್ತು ಮಡಚಿದಳಂತೆ. ಕಲ್ಲಿನ ಮೇಲೆ ಬಿಸಿಲು ಬಿತ್ತು.

"ಇನ್ನೂ ಹೊತ್ತೈತಿ. ಬ್ಯಾಡ ಅನ್ನೋರು ಎದ್ದು ನಿಂತು ಹೇಳ್ರಿ."

ಯಾರೂ ಏಳಲಿಲ್ಲ. ಬೇಡ ಅನ್ನುವ ಕೆಲಸವನ್ನು ಅಷ್ಟು ದಿನ ನೆರಳೇ ಮಾಡುತ್ತಿತ್ತು. ಈಗ ಎದ್ದು ಬೇಡ ಅಂದವನು ಅರಸನ ಅಪ್ಪಣೆ ಮೀರಿದವನಾಗುತ್ತಿದ್ದ.

ಬಾವಿ ಸಿಕ್ಕಿತು. ಆದರೂ ತಿಪ್ಪವ್ವ ತಿಪ್ಪವ್ವನೇ. ಮೊದಲ ಕೊಡದ ನೀರನ್ನು ತಾನು ಕುಡಿದು, ಏನೂ ಆಗಲಿಲ್ಲ ಎನ್ನುವವರೆಗೂ ಬಾವಿಕಟ್ಟೆಯ ಮೇಲೇ ಕೂತಿದ್ದು, ಆಮೇಲೆ ಸೊಸೆಗೆ ಕೊಟ್ಟಳಂತೆ.

ಇವತ್ತಿಗೂ ಆ ಊರ ಕೂಟದಲ್ಲಿ ಯಾರೂ ಛತ್ರಿ ಬಿಚ್ಚುವುದಿಲ್ಲ. ಮಳೆ ಬಂದರೆ ನೆನೆಯುತ್ತಾರೆ. ಎಂಥ ದೊಡ್ಡ ಮನುಷ್ಯ ಬಂದರೂ ಅವನ ಛತ್ರಿ ಗೆರೆಯಾಚೆಯೇ. ಬಂದವನು ನಾವೆಲ್ಲ ಒಂದೇ ಎಂದು ಮಾತು ಶುರುಮಾಡಿದರೆ, ಮುದುಕಿಯರು ಅವನ ಮುಖ ನೋಡುವುದಿಲ್ಲ, ಕಲ್ಲಿನ ಮೇಲೆ ಬಿಸಿಲಿದೆಯಾ ನೋಡುತ್ತಾರೆ.