ಅರ್ಧ ಗೆಣಸಿನ ಬಾವಿ

ಬಹಳ ಕಾಲದ ಹಿಂದೆ, ಕರಿಮಣ್ಣಿನ ಸೀಮೆಯ ಒಂದೂರಿನಲ್ಲಿ ಎಲೀಷಪ್ಪ ಅಂತ ಒಬ್ಬ ಬಾವಿ ತೋಡುವವನಿದ್ದ. ಎಷ್ಟು ಕಾಲದ ಹಿಂದೆ ಅಂತ ಮಾತ್ರ ಕೇಳಬೇಡಿ. ನಮ್ಮ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು, ಆ ಅಜ್ಜಿಗೆ ಇನ್ಯಾರೋ ಹೇಳಿದ್ದು. ಹೇಳಿದವರೆಲ್ಲ ತಮ್ಮದೊಂದು ಹಿಡಿ ಸೇರಿಸಿದ್ದಾರೆ, ನಾನೂ ಸೇರಿಸುತ್ತೇನೆ. ಕೂತು ಕೇಳಿ.

ಎಲೀಷಪ್ಪ ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಕೆಳಗಿನ ನೀರು ಸಿಹಿಯೋ ಸವುಳೋ ಹೇಳಿಬಿಡುತ್ತಿದ್ದನಂತೆ. ನೆಲಕ್ಕೆ ಕಿವಿ ಹಚ್ಚಿದರೆ ಅವನಿಗೆ ಸೆಲೆಯ ಸದ್ದು ಕೇಳುತ್ತಿತ್ತಂತೆ. ಅವನು ಹಾರೆ ಎತ್ತಿದರೆ ಸಾಕು, ಬಂಡೆ ತಾನಾಗಿ ಬಾಯಿ ಬಿಡುತ್ತಿತ್ತು ಅನ್ನುವವರೂ ಇದ್ದಾರೆ. ಅದು ಹಸಿ ಸುಳ್ಳು. ಬಂಡೆ ಬಾಯಿ ಬಿಡುವುದಕ್ಕೆ ಮೊದಲು ಅವನ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ಆದರೆ ಅವನು ತೋಡಿದ ಬಾವಿ ಒಂದೂ ಬತ್ತಲಿಲ್ಲ, ಅದು ನಿಜ.

ಇನ್ನೊಂದು ನಿಜವೂ ಇದೆ. ಎಲೀಷಪ್ಪ ಯಾರ ಮನೆಯಲ್ಲೂ ಒಂದು ತುತ್ತು ತಿಂದವನಲ್ಲ. ಬಾವಿ ತೋಡಿಸಿದವರು "ಉಣ್ಣಾಕ ಬಾರೋ ಯಪ್ಪಾ" ಅಂದರೆ "ನಂದು ಆತು" ಅನ್ನುತ್ತಿದ್ದ. "ಬೆಲ್ಲಾ ನೀರರೆ ತಗೋ" ಅಂದರೆ "ಈಗಷ್ಟ ಆತು" ಅನ್ನುತ್ತಿದ್ದ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಆತು, ಗಂಟಲು ಒಣಗಿದ್ದರೂ ಆತು. ತಂದೆ ತಾಯಿಯಿಲ್ಲದ ಅವನು ಚರ್ಚಿನವರು ಹಾಕಿದ ಗಂಜಿ ಕುಡಿದು ಬೆಳೆದವನು. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಗಂಜಿ ಬಿದ್ದ ಕೂಡಲೇ "ನಿಮ್ಮ ಹೊಟ್ಟಿ ತಣ್ಣಗಿರಲಿ" ಅಂತ ಗಟ್ಟಿಯಾಗಿ ಹರಸಬೇಕು. ಆ ಮಾತು ಆಡಿ ಆಡಿ ಅವನಿಗೆ ನಾಚಿಕೆಯಾಗಿಹೋಗಿತ್ತು. ದೊಡ್ಡವನಾದ ಮೇಲೆ ಯಾರ ಮುಂದೆಯೂ ಕೈ ಚಾಚಲಿಲ್ಲ, ಆ ಮಾತನ್ನೂ ಆಡಲಿಲ್ಲ. ಹೆಂಡತಿ ಸಲೋಮವ್ವ ಬಿಸಿ ರೊಟ್ಟಿ ಹಾಕಿದರೆ ಸುಮ್ಮನೆ ತಿಂದು ಏಳುತ್ತಿದ್ದ. ನನ್ನ ದುಡಿಮೆ, ನನ್ನ ರೊಟ್ಟಿ, ಅದಕ್ಕೇನು ಹೇಳುವುದು ಅನ್ನುವವನು ಅವನು.

ಹೀಗಿರುವಾಗ ಒಂದು ಭಾನುವಾರ ಚರ್ಚಿನ ಅಯ್ಯನವರು ಒಂದು ಸುದ್ದಿ ಹೇಳಿದರು. ಕಡಲಾಚೆ ಒಂದು ದ್ವೀಪ ಇದೆ, ಅಲ್ಲಿ ಹೊಂಡದ ಕೊಳಕು ನೀರು ಕುಡಿದು ಮಕ್ಕಳು ವಾಂತಿಭೇದಿಯಲ್ಲಿ ತೀರಿಹೋಗುತ್ತಿದ್ದಾರೆ, ಅಲ್ಲಿನ ಚರ್ಚಿನವರು ಕೈ ಮುಗಿದು ಕರೆದಿದ್ದಾರೆ, ನನ್ನ ಜೊತೆ ಸೇವೆಗೆ ಯಾರು ಬರುತ್ತೀರಿ ಅಂದರು. ಎಲ್ಲರಿಗಿಂತ ಮೊದಲು ಎದ್ದು ನಿಂತವನು ಎಲೀಷಪ್ಪ. ಕಡಲನ್ನು ಕಣ್ಣಲ್ಲಿ ಕಂಡವನಲ್ಲ. ಗಂಜಿಯ ಋಣ ಒಂದು ಸಲಕ್ಕೆ ಹರಿದುಹೋಗಲಿ ಅಂತ ಅವನ ಮನಸ್ಸು. ಸಲೋಮವ್ವ ತಿಂಗಳಿಟ್ಟರೂ ಕೆಡದ ಕಟಕು ರೊಟ್ಟಿ ಒಂದು ಚೀಲದ ತುಂಬ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅವನು ಚೀಲ ಹೆಗಲಿಗೇರಿಸಿ ಹೊರಟ, ಹೋಗಿ ಬರುತ್ತೇನೆ ಅಂದನೇ ಹೊರತು ಬೇರೆ ಮಾತಾಡಲಿಲ್ಲ.

ಹಡಗಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿದನಂತೆ. ಹಡಗಿನವರು ಕರುಣೆಯಿಂದ ಲಿಂಬೆಹಣ್ಣು ಕೊಟ್ಟರೆ ಅದಕ್ಕೂ "ಆತು" ಅಂದನಂತೆ. ಇದನ್ನು ನಾನು ನಂಬುತ್ತೇನೆ.

ದ್ವೀಪ ಮುಟ್ಟಿದ್ದೇ ಮಣ್ಣಿನ ರುಚಿ ನೋಡಿ, ಲೇಮಾ ಅನ್ನುವ ಮುದುಕಿಯ ಗುಡಿಸಲಿನ ಹತ್ತಿರ ಗೆರೆ ಎಳೆದ. ಅಲ್ಲಿಯ ಹೆಂಗಸರು ಮಣ್ಣು ಹೊರಲು ಬುಟ್ಟಿ ತಂದರು. ನೀವು ಕೂತ್ಕೊಳ್ಳಿ ಅಂತ ಸನ್ನೆ ಮಾಡಿ ಕಳಿಸಿದ. ಮಧ್ಯಾಹ್ನ ಲೇಮಾ ಎಲೆಯಲ್ಲಿ ಸುಟ್ಟ ಗೆಣಸು, ಮೀನು ತಂದಳು. ಕೈ ಮುಗಿದು "ಆತು ತಾಯಿ" ಅಂತ ತನ್ನ ರೊಟ್ಟಿ ಮುರಿದ. ಈ ಬಡವರ ಬಾಯಿಯ ತುತ್ತನ್ನು ನಾನು ಹೇಗೆ ತಿನ್ನಲಿ ಅಂತ ಅವನ ಕನಿಕರ. ಮರುದಿನ ಬೇರೆ ಮನೆಯವರು ತಂದರು, ಅವರಿಗೂ ಆತು. ಕೊನೆಗೆ ತರುವುದನ್ನೇ ಬಿಟ್ಟರು. ಅಯ್ಯನವರಿಗೆ ಈ ತೊಂದರೆಯಿರಲಿಲ್ಲ. ಅವರು ಹಿಂದೊಮ್ಮೆ ಅಲ್ಲಿದ್ದು ಅಲ್ಲಿಯ ಮಾತು ಕಲಿತವರು, ಕೊಟ್ಟದ್ದನ್ನೆಲ್ಲ ತಿಂದು ದುಂಡಗಾಗಿದ್ದರಂತೆ.

ಬಾವಿಗೆ ನೀರು ಬಂತು. ಎಂಥ ನೀರು ಅಂತೀರಿ! ಕಲ್ಲುಸಕ್ಕರೆ ಕದಡಿದ ಹಾಗಿತ್ತು ಅಂತಾರೆ. ಅಯ್ಯನವರು ಪ್ರಾರ್ಥನೆ ಮಾಡಿದರು. ಎಲೀಷಪ್ಪ ಎದೆಯುಬ್ಬಿಸಿ ಕಟ್ಟೆಯ ಪಕ್ಕ ನಿಂತ.

ಯಾರೂ ನೀರು ಸೇದಲಿಲ್ಲ.

ಬೆಳಗಾದರೆ ಹೆಂಗಸರು ಕೊಡ ಹೊತ್ತುಕೊಂಡು ಬಾವಿಯ ಪಕ್ಕದಲ್ಲೇ ಹಾದು ಅದೇ ಹೊಂಡಕ್ಕೆ ಹೋಗುತ್ತಿದ್ದರು. ಹಗ್ಗ ಒಣಗಿತ್ತು, ಬಿಂದಿಗೆ ಒಣಗಿತ್ತು. ಅಷ್ಟರಲ್ಲಿ ಲೇಮಾಳ ಮೊಮ್ಮಗಳು ಮಲಗಿಬಿಟ್ಟಳು. ಅದೇ ವಾಂತಿ, ಅದೇ ಭೇದಿ, ಕಣ್ಣು ಗುಳಿಬಿದ್ದಿದ್ದವು. ಎಲೀಷಪ್ಪನ ತಲೆ ಕೆಟ್ಟುಹೋಯಿತು. ಅಯ್ಯನವರ ಮುಂದೆ ಹೋಗಿ, "ಇವ್ರಿಗೇನ್ ಬುದ್ಧಿ ಐತೇನ್ರೀ? ಕೂಸು ಸಾಯಾಕತ್ತೇತಿ, ಬಾಗಿಲ ಮುಂದ ಅಮೃತದಂಥಾ ನೀರು ಬಿಟ್ಟು ಹೊಂಡಕ್ಕ ಹೊಕ್ಕಾರಲ್ರೀ!" ಅಂತ ಕೂಗಾಡಿದ.

ಅಯ್ಯನವರು ಲೇಮಾಳನ್ನು ಕೇಳಿದರು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಅವನಿಗೆ ತಿಳಿಸಿದರು. ಈ ಮನುಷ್ಯ ನಮ್ಮ ಬುಟ್ಟಿಯನ್ನು ತಳ್ಳಿದ, ನಮ್ಮ ಗೆಣಸನ್ನು ತಳ್ಳಿದ. ನಮ್ಮ ಕೈಯದು ಅವನಿಗೆ ಬೇಡವಾದರೆ ಅವನ ಕೈಯದು ನಮಗೂ ಬೇಡ. ನಾವು ಬಡವರು ನಿಜ, ಭಿಕ್ಷುಕರಲ್ಲ. ಮೊಮ್ಮಗಳ ಮೇಲಿನ ಆಸೆಗೆ ನಾನೊಬ್ಬಳೇ ಹೋಗಿ ಸೇದಲೇ ಅಂತ ರಾತ್ರಿಯೆಲ್ಲ ಅತ್ತಿದ್ದೇನೆ, ಊರಿನ ಮರ್ಯಾದೆ ಕಟ್ಟಿಹಾಕಿದೆ. ಹೀಗೆ ಹೇಳಿ ಮುದುಕಿ ಮುಖ ತಿರುಗಿಸಿದಳಂತೆ.

ಎಲೀಷಪ್ಪನಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತದ್ದು ನೆನಪಾಯಿತು. ಯಾವ ಅವಮಾನದಿಂದ ಅಷ್ಟು ವರ್ಷ ಓಡಿ ಬಂದಿದ್ದನೋ ಅದನ್ನೇ ಹೊತ್ತು ತಂದು ಇವರ ತಲೆಗೆ ಕಟ್ಟಿದ್ದ.

ಲೇಮಾಳ ಗುಡಿಸಲು ಎದುರಿಗೇ ಇತ್ತು. ಆದರೆ ಕಡಲು ದಾಟಿದ್ದಕ್ಕಿಂತ ಆ ಅಂಗಳ ದಾಟಿದ್ದೇ ಅವನಿಗೆ ಕಷ್ಟವಾಯಿತು ಅಂತಾರೆ. ಬಾಗಿಲಲ್ಲಿ ನಿಂತ. ಬೊಗಸೆ ಒಡ್ಡಿದ. "ಯವ್ವಾ, ಹಸಿವಾಗೇತಿ. ಏನಾರ ಕೊಡು," ಅಂದ. ಆ ಮಾತನ್ನು ಅವಳಿಗೆ ಯಾರೂ ತಿಳಿಸಿಹೇಳಬೇಕಾಗಲಿಲ್ಲ.

ಮನೆಯಲ್ಲಿದ್ದದ್ದು ಒಂದೇ ಗೆಣಸು, ಮಗುವಿಗೆಂದು ಬೂದಿಯಲ್ಲಿ ಮುಚ್ಚಿಟ್ಟಿದ್ದು. ಲೇಮಾ ಅದನ್ನು ಮುರಿದಳು. ಅರ್ಧ ಮಗುವಿನ ಪಕ್ಕ ಇಟ್ಟಳು, ಅರ್ಧ ಅವನ ಬೊಗಸೆಗೆ ಹಾಕಿದಳು. ಕಾಯಿಲೆ ಮಗುವಿನ ಪಾಲು! ಬೇಡ ಅನ್ನಲು ಬಾಯಿ ತೆರೆದವನು ಅದೇ ಬಾಯಿಗೆ ಗೆಣಸು ಇಟ್ಟುಕೊಂಡ. ಹೊಸ್ತಿಲ ಮೇಲೆ ಕೂತು, ಸಿಪ್ಪೆ ಸಮೇತ, ಅಳುತ್ತ ತಿಂದ. ತಿಂದು ಮುಗಿಸಿ, "ನಿನ್ನ ಹೊಟ್ಟಿ ತಣ್ಣಗಿರಲಿ ತಾಯೀ" ಅಂದ. ಅಷ್ಟು ವರ್ಷ ನಾಚಿಕೆ ತಂದ ಮಾತು ಅವತ್ತು ಹಗುರಾಗಿ ಬಂತು.

ಲೇಮಾ ಕೊಡ ತೆಗೆದುಕೊಂಡು ನೇರ ಬಾವಿಗೆ ನಡೆದಳು. ಮೊದಲ ಬಿಂದಿಗೆ ಸೇದಿದವಳು ಅವಳೇ. ಮಗುವಿಗೆ ಗುಟುಕು ಗುಟುಕಾಗಿ ಕುಡಿಸಿದಳು, ಮಗು ಉಳಿಯಿತು. ಸಂಜೆಯೊಳಗೆ ಬಾವಿಕಟ್ಟೆಯ ಸುತ್ತ ಕೆಸರಾಯಿತು. ಪ್ರತಿ ಮನೆಯಲ್ಲೂ ಅವನನ್ನು ಉಣ್ಣಲು ಕೂರಿಸಿದರಂತೆ. ಕೊನೆಯ ಮನೆಯಿಂದ ಅವನನ್ನು ಹೊತ್ತು ತರಬೇಕಾಯಿತು ಅಂತಾರೆ, ಅದು ನಾನೇ ಸೇರಿಸಿದ್ದೂ ಇರಬಹುದು.

ಊರಿಗೆ ಮರಳಿದ. ಸಲೋಮವ್ವ ಎಂದಿನಂತೆ ಬಿಸಿ ರೊಟ್ಟಿ ಹಾಕಿದಳು. ರೊಟ್ಟಿ ಹೊರಳಿಸಿ ಹೊರಳಿಸಿ ಅವಳ ಬೆರಳ ತುದಿ ಕಪ್ಪಾಗಿದ್ದನ್ನು ಅವನು ಅವತ್ತು ನೋಡಿದ. ತಿಂದು ಏಳಲಿಲ್ಲ. "ನಿನ್ನ ಹೊಟ್ಟಿ ತಣ್ಣಗಿರಲಿ," ಅಂದ. ಅವಳು ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು. "ಮೈಯಾಗ ಆರಾಮ ಇಲ್ಲೇನ್ರೀ?" ಅಂತ ಕೇಳಿದಳು. ಆಮೇಲೆ ಒಲೆಯ ಕಡೆ ತಿರುಗಿ, ಹೊಗೆ ಅಂತ ಹೇಳಿ ಕಣ್ಣೊರೆಸಿಕೊಂಡಳು. ಮರುದಿನವೂ ಅವನು ಹಾಗೇ ಅಂದ, ಬದುಕಿರುವವರೆಗೂ ಅಂದ.

ಈಗ ಅವರಿಬ್ಬರೂ ಇಲ್ಲ. ಆದರೆ ಆ ಊರಿನಲ್ಲಿ ಉಣ್ಣಲು ಕರೆದಾಗ ಯಾರಾದರೂ "ಆತು" ಅಂದರೆ, "ಯಾಕೋ, ಇನ್ನೂ ಹಡಗು ಹತ್ತಿಲ್ಲೇನು?" ಅಂತ ನಗುತ್ತಾರೆ. ಗಂಡಂದಿರು ಉಂಡ ಮೇಲೆ ಹರಸಿಯೇ ಏಳುತ್ತಾರೆ. ಸುಗ್ಗಿ ಮುಗಿದು ಚರ್ಚಿನಲ್ಲಿ ಬೆಳೆಹಬ್ಬ ಬಂದಾಗ, ಪ್ರಾರ್ಥನೆ ಆದ ಮೇಲೆ, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದವನು ಎಲ್ಲರಿಗಿಂತ ಕಡಿಮೆ ಇದ್ದವಳ ಬಾಗಿಲಿಗೆ ಹೋಗಿ ಬೊಗಸೆ ಒಡ್ಡಬೇಕು. ಹಸಿವಾಗಿದೆ ಅನ್ನಬೇಕು. ಅವಳು ಸುಟ್ಟ ಗೆಣಸನ್ನು ಮುರಿದು ಅರ್ಧ ಕೊಡುತ್ತಾಳೆ. ಕೇಳಿದವನು ಹೊಸ್ತಿಲ ಮೇಲೆ ಕೂತು ಸಿಪ್ಪೆ ಸಮೇತ ತಿನ್ನುತ್ತಾನೆ, ನಾನು ಕಂಡಿದ್ದೇನೆ. ಅವಳು ಮಾತ್ರ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ನಿಂತು ಕೇಳುತ್ತಾಳೆ: "ಸಾಕಾತೇನಪ್ಪಾ? ಇನ್ನಷ್ಟು ಕೊಡಲೇನು?"