ಮುಂದಿನವನ ಹಿಮ್ಮಡಿ

"ಗುರುಗಳೇ, ಆಯಸ್ಸು ಬೆಳೆದರೆ ದುಡಿಮೆಯೂ ಬೆಳೆಯಬೇಕಲ್ಲವೇ?"

ಕೇಳಿದವನು ಕೇತರಸ. ಬಾಲ್ಯದಲ್ಲಿ ಇದೇ ಮಠದಲ್ಲಿ ಓದಿದವನು, ಈಗ ಅರಮನೆಯಲ್ಲಿ ಪ್ರಧಾನಿ. ಪಲ್ಲಕ್ಕಿಯನ್ನು ಹೊರಗೆ ಆಲದ ನೆರಳಿನಲ್ಲಿ ಇಳಿಸಿ ಒಳಗೆ ಬಂದಿದ್ದ. ಕೂರುವ ಮೊದಲು, ಪಲ್ಲಕ್ಕಿಯಿಂದ ಹೊರಗೆ ಇಳಿಬಿದ್ದಿದ್ದ ಶಲ್ಯದ ತುದಿಗೆ ಮೆತ್ತಿದ್ದ ಕೆಮ್ಮಣ್ಣನ್ನು ಕೊಡವಿದ. ಪೂರ್ತಿ ಹೋಗಲಿಲ್ಲ. ಹಾಗೇ ಹೆಗಲ ಮೇಲೆ ಎಳೆದುಕೊಂಡು ಕೂತ.

ಅವನು ವಿಷಯವನ್ನು ಬಿಡಿಸಿ ಹೇಳಿದ. ಅರಮನೆಯ ಊಳಿಗದವರಿಗೆ ಅರವತ್ತಕ್ಕೆ ಬಿಡುಗಡೆ ಎಂಬುದು ಅಜ್ಜನ ಕಾಲದ ಕಟ್ಟಳೆ. ಆಗ ಅರವತ್ತು ಕಂಡವರೇ ಅಪರೂಪ. ಈಗ ಎಂಬತ್ತಾದರೂ ಜನ ಗಟ್ಟಿಮುಟ್ಟಾಗಿರುತ್ತಾರೆ. ಬಿಡುಗಡೆಯಾದವರನ್ನು ಅಷ್ಟು ಕಾಲ ಸಾಕುವುದು ಬೊಕ್ಕಸಕ್ಕೆ ಹೊರೆಯಾಗಿದೆ. ಹಾಗಾಗಿ ಬಿಡುಗಡೆಯನ್ನು ಐದು ವರ್ಷ ಮುಂದಕ್ಕೆ ಹಾಕಬೇಕೆಂದು ಅರಸರ ಯೋಚನೆ. ಸುದ್ದಿ ಕೇಳಿದ ಊಳಿಗದವರು ತಲ್ಲಣಿಸಿ ಹೋಗಿದ್ದಾರೆ. ನಾಳೆಯ ಸಭೆಯಲ್ಲಿ ಕೇತರಸ ಹೇಳಿದ್ದೇ ಕೊನೆಯ ಮಾತು.

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ತಾವೇ ಕಲಿಸಿದಿರಿ. ಕೈಕಾಲು ಆಡುವ ತನಕ ದುಡಿಯಲಿ ಎಂದರೆ ಅದರಲ್ಲಿ ತಪ್ಪೇನು?" ಎಂದ. ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಅವನು ಸರಿಯಾಗಿ ನಿದ್ದೆ ಮಾಡಿಲ್ಲವೆಂದು ಕಣ್ಣು ಹೇಳುತ್ತಿತ್ತು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಅರಸನಿದ್ದ. ಅವನ ಪಲ್ಲಕ್ಕಿಗೆ ಉದ್ದನೆಯ ಒಂದೇ ದಂಡಿಗೆ, ಅಂದರೆ ಹೊರುವ ಮರ. ಅದನ್ನು ಹೊರಲು ಎಂಟು ಮಂದಿ ಬೋಯಿಗಳು. ಮುಂದೆ ನಾಲ್ವರು, ಹಿಂದೆ ನಾಲ್ವರು, ಒಬ್ಬನ ಹಿಂದೆ ಒಬ್ಬ. ಪಲ್ಲಕ್ಕಿ ಹೊತ್ತವನು ತಲೆ ಎತ್ತುವಂತಿಲ್ಲ, ಆಚೆ ಈಚೆ ನೋಡುವಂತಿಲ್ಲ. ಮುಂದಿನವನ ಹಿಮ್ಮಡಿಯ ಮೇಲೆ ಕಣ್ಣಿಟ್ಟು ನಡೆಯಬೇಕು. ಅದು ಎದ್ದರೆ ಇವನ ಕಾಲು ಏಳಬೇಕು, ಅದು ನಿಂತರೆ ಇವನು ನಿಲ್ಲಬೇಕು. ಕಣ್ಣು ತಪ್ಪಿದರೆ ಹೆಜ್ಜೆ ತಪ್ಪುತ್ತದೆ, ಒಬ್ಬನ ಹೆಜ್ಜೆ ತಪ್ಪಿದರೆ ಎಂಟು ಮಂದಿಯೂ ಮುಗ್ಗರಿಸುತ್ತಾರೆ.

ಆ ಎಂಟು ಮಂದಿಯಲ್ಲಿ ಒಬ್ಬ ಮುದುಕನಿದ್ದ. ಮೀಸೆ ಮೂಡುವ ವಯಸ್ಸಿನಲ್ಲಿ ದಂಡಿಗೆಗೆ ಹೆಗಲು ಕೊಟ್ಟವನು. ಮುಂದಿನಿಂದ ಎರಡನೆಯ ಜಾಗ ಅವನದು. ಅರಸನ ಜೊತೆ ಅವನು ಹೋಗದ ಊರಿಲ್ಲ, ಕಂಡ ಊರೂ ಇಲ್ಲ. ಹೊಳೆ ಬಂತೆಂದು ಪಾದಕ್ಕೆ ಗೊತ್ತಾಗುತ್ತಿತ್ತು, ಪೇಟೆ ಬಂತೆಂದು ಮೂಗಿಗೆ. ಬೆಟ್ಟ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಮೀನಖಂಡ ಹಿಡಿಯುತ್ತೆ" ಎನ್ನುತ್ತಿದ್ದ. ನಾಡನ್ನೆಲ್ಲ ತುಳಿದವನ ಕಣ್ಣಿನಲ್ಲಿ ಇದ್ದದ್ದು ಹಿಮ್ಮಡಿಗಳು ಮಾತ್ರ.

ಬೋಯಿಗಳಲ್ಲಿ ಒಂದು ಪದ್ಧತಿಯಿತ್ತು. ಬಿಡುಗಡೆಯ ದಿನ ಬೋಯಿ ನಡೆದು ಮನೆಗೆ ಹೋಗಬಾರದು. ಜೊತೆಯವರು ಅವನನ್ನು ಅದೇ ಪಲ್ಲಕ್ಕಿಯಲ್ಲಿ ಕೂರಿಸಿ, ಹೊತ್ತು ತಂದು, ಅವನ ಮನೆಯ ಹೊಸ್ತಿಲ ಮುಂದೆ ಇಳಿಸಬೇಕು. ಹಾದಿ ತುಳಿದವನು ಒಮ್ಮೆಯಾದರೂ ಹಾದಿ ನೋಡಲಿ ಎಂದು ಯಾರೋ ಹಿರಿಯರು ಮಾಡಿಟ್ಟದ್ದು. ಜೊತೆಗೆ ಒಂದು ತುಂಡು ಉಂಬಳಿ ಹೊಲ. ಆದರೆ ಇದಕ್ಕೊಂದು ಕಟ್ಟು. ಬಿಡುಗಡೆಯ ದಿನದವರೆಗೂ ಹೆಗಲು ದಂಡಿಗೆಗೆ ತಾಗಿಯೇ ಇರಬೇಕು. ನಡುವೆ ಹೆಗಲು ಬಿಟ್ಟವನಿಗೆ ಸವಾರಿಯಿಲ್ಲ, ಹೊಲವೂ ಇಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ನಡೆದುಕೊಂಡೇ ಹೋಗಬೇಕು.

ಮುದುಕ ಆ ಸವಾರಿಗಾಗಿ ಕಾದಿದ್ದ. ಅವನ ಹೆಂಡತಿ ಆರತಿಯ ತಟ್ಟೆ ತೊಳೆದು ಇಟ್ಟಿದ್ದಳು. ಬಿಡುಗಡೆ ಹತ್ತಿರ ಬಂದ ವರ್ಷವೇ ಅರಸ ಡಂಗುರ ಹೊಡೆಸಿದ. ನಮ್ಮ ರಾಜ್ಯದಲ್ಲಿ ಜನ ಈಗ ಹೆಚ್ಚು ಕಾಲ ಬದುಕುತ್ತಾರೆ, ಹೆಚ್ಚು ಕಾಲ ದುಡಿಯಲಿ, ಊಳಿಗಕ್ಕೆ ಇನ್ನೂ ಐದು ವರ್ಷ ಸೇರಿಸಿದ್ದೇವೆ ಎಂದು ಸಾರಿಸಿದ.

"ಹೋಗಲಿ ಬಿಡಿ, ತಟ್ಟೆ ಮತ್ತೆ ತೊಳೆದರಾಯ್ತು," ಎಂದಳು ಹೆಂಡತಿ. ಎಂದವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮುದುಕ ಮತ್ತೆ ದಂಡಿಗೆಗೆ ಹೋದ. ಮೊದಲು ಮಂಡಿ ನೋಯತೊಡಗಿತು. ಆಮೇಲೆ ಬೆನ್ನು ಬಾಗಿತು. ಪ್ರತಿ ಮುಂಜಾನೆ ಅವನಿಗೆ ಒಂದೇ ಹೆದರಿಕೆ. ಇವತ್ತು ದಂಡಿಗೆ ನನ್ನ ಹೆಗಲಿಗೆ ಎಟುಕುತ್ತದೋ ಇಲ್ಲವೋ! ಆದರೆ ಪಲ್ಲಕ್ಕಿ ಎತ್ತಿದಾಗಲೆಲ್ಲ ದಂಡಿಗೆ ಬಂದು ಹೆಗಲ ಮೇಲೆ ಕೂರುತ್ತಿತ್ತು. ಬೆನ್ನು ಇನ್ನಷ್ಟು ಬಾಗಿತು. ಆಗಲೂ ಕೂತಿತು. ಮುದುಕನಿಗೆ ಒಳಗೊಳಗೇ ಹೆಮ್ಮೆ. ಬಾಗಿದರೇನು, ಹೆಗಲು ಇನ್ನೂ ಗಟ್ಟಿ ಇದೆ ಎಂದುಕೊಂಡ.

ಪಲ್ಲಕ್ಕಿಯೊಳಗಿನ ಅರಸನಿಗೂ ಹಿಗ್ಗು. ಮೊದಲು ಕುಲುಕುತ್ತಿದ್ದ ಸವಾರಿ ಈಗ ಹೊಳೆಯ ಮೇಲೆ ಹರಿಗೋಲು ಹೋದಂತೆ ಸಾಗುತ್ತಿತ್ತು. ಕೈ ಇಳಿಬಿಟ್ಟರೆ ಹಾದಿಬದಿಯ ಹುಲ್ಲಿನ ತೆನೆ ಬೆರಳಿಗೆ ತಾಗುತ್ತಿತ್ತು.

"ಮೊದಲೆಲ್ಲ ಹೀಗೆ ಕೈಗೆ ಸಿಗುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ ಹುಲ್ಲು ಎಷ್ಟು ಎತ್ತರ ಬೆಳೆದಿದೆ ನೋಡಿ!" ಎಂದ ಅರಸ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ಯಾವ ಆಸ್ಥಾನದಲ್ಲಿಲ್ಲ? ಹೌದು ಹೌದು, ಎಂಥ ಸುಭಿಕ್ಷ ಎಂದರು. ಹಳೆಯ ಬೋಯಿಗಳೇ ಮೆತ್ತಗೆ ಹೊರುತ್ತಾರೆ ಎಂದೂ ಒಬ್ಬ ಸೇರಿಸಿದ. ಅರಸನಿಗೆ ಮಾತು ಹಿಡಿಸಿತು. ಊಳಿಗಕ್ಕೆ ಮತ್ತೆರಡು ವರ್ಷ ಸೇರಿತು. ಹೆಂಡತಿ ಈ ಸಲ ತಟ್ಟೆಯ ಮಾತು ಎತ್ತಲಿಲ್ಲ.

ಕೊನೆಗೆ ಇನ್ನೊಂದು ಸುಗ್ಗಿ ಕಳೆದರೆ ಬಿಡುಗಡೆ ಎನ್ನುವ ಹೊತ್ತು ಬಂತು. ಪಲ್ಲಕ್ಕಿ ಘಾಟಿ ಹತ್ತುತ್ತಿತ್ತು. ಮುದುಕನ ಮುಂದೆ ನಡೆಯುತ್ತಿದ್ದವನು ಹೊಸ ಹುಡುಗ, ಅಗಲ ಎದೆಯವನು, ಮದುವೆಯಾಗಿ ವರ್ಷ ತುಂಬಿಲ್ಲ. ಬಂದ ಹೊಸತರಲ್ಲಿ ಅವನ ಹಿಮ್ಮಡಿ ನೆಲಕ್ಕೆ ದಪ್ಪನೆ ಬೀಳುತ್ತಿತ್ತು, ಚಿಮ್ಮಿ ಏಳುತ್ತಿತ್ತು. ಈಗ ಅದು ಎಳೆದುಕೊಂಡು ಏಳುತ್ತಿದೆ. ಮಂಡಿ ಮಡಿಸಿಯೇ ಇದೆ. ಬೆರಳುಗಳು ಮಣ್ಣನ್ನು ಕಚ್ಚಿ ಹಿಡಿಯುತ್ತಿವೆ. ಮುದುಕ ಆ ನಡಿಗೆಯನ್ನು ಎಲ್ಲೋ ಕಂಡಿದ್ದ. ನೆನಪಾಯಿತು. ಅದು ಅವನದೇ ನಡಿಗೆ.

ಹುಡುಗನಿಗೆ ಏನೋ ಕಾಯಿಲೆ ಎಂದು ಮುದುಕನಿಗೆ ಮರುಕ ಹುಟ್ಟಿತು. ಆಮೇಲೆ ಬೋಯಿ ಮಾಡಬಾರದ ಕೆಲಸವೊಂದನ್ನು ಮಾಡಿದ. ಕತ್ತು ತಿರುಗಿಸಿ ಹಿಂದೆ ನೋಡಿದ.

ಅವನ ಹಿಂದಿನವನು ಬಾಗಿ ನಡೆಯುತ್ತಿದ್ದ. ಅವನ ಹಿಂದಿನವನೂ ಬಾಗಿದ್ದ. ಪಲ್ಲಕ್ಕಿಯ ಆಚೆಯ ನಾಲ್ವರೂ ಬಾಗಿದ್ದರು. ಎಲ್ಲರ ಹೆಗಲೂ ಒಂದೇ ಎತ್ತರದಲ್ಲಿತ್ತು. ಆ ಎತ್ತರ ಅವನ ಹೆಗಲಿನ ಎತ್ತರವಾಗಿತ್ತು.

ಮುದುಕನಿಗೆ ಆಗ ಅರ್ಥವಾಯಿತು. ದಂಡಿಗೆ ಇಷ್ಟು ಕಾಲ ತನ್ನ ಹೆಗಲಿಗೆ ತಾಗುತ್ತಿದ್ದುದು ತನ್ನ ಹೆಗಲಿನ ಬಲದಿಂದಲ್ಲ. ಏಳು ಜನ ಸೇರಿ ಅದನ್ನು ತನ್ನ ಹೆಗಲ ತನಕ ಇಳಿಸಿಕೊಂಡು ಬಂದಿದ್ದರು. ತನ್ನ ಬೆನ್ನು ಬಾಗಿದಷ್ಟೂ ಅವರು ಮಂಡಿ ಮಡಿಸಿದ್ದರು. ಯಾರೂ ಒಂದು ಮಾತು ಆಡಿರಲಿಲ್ಲ, ಉಪಕಾರ ಮಾಡಿದೆವೆಂದು ಒಂದು ನೋಟ ನೋಡಿರಲಿಲ್ಲ. ಇಂಥದ್ದನ್ನು ದೇವರು ಮಾಡಿದನೆಂದು ಅವನು ಹರಿಕತೆಯಲ್ಲಿ ಕೇಳಿದ್ದ. ಮನುಷ್ಯರು ಮಾಡುತ್ತಾರೆಂದು ತಿಳಿದಿರಲಿಲ್ಲ.

ಉಳಿದದ್ದು ಒಂದೇ ಸುಗ್ಗಿ. ಹೊಲ ಕಣ್ಣ ಮುಂದೆ ಬಂತು. ತೊಳೆದ ತಟ್ಟೆ ಬಂತು. ಒಮ್ಮೆ ನೋಡಬೇಕೆಂದುಕೊಂಡ ನಾಡು ಬಂತು. ಆದರೆ ಕಣ್ಣು ನೆಟ್ಟಿದ್ದು ಮುಂದಿನವನ ಹಿಮ್ಮಡಿಯ ಮೇಲೆ. ಘಾಟಿಯ ನೆತ್ತಿಯಲ್ಲಿ ನೆಲ ಸಮವಾಯಿತು. ಮುದುಕ ಹೆಗಲು ತೆಗೆದು ಹಾದಿಯ ಬದಿಗೆ ಸರಿದ.

"ನೆಟ್ಟಗಾಗ್ರಪ್ಪಾ, ಮಕ್ಕಳೇ," ಎಂದ.

ಬೋಯಿ ಹೆಗಲು ಬಿಟ್ಟರೆ ಪಲ್ಲಕ್ಕಿ ಕುಸಿಯಬೇಕು. ಅಂದು ಪಲ್ಲಕ್ಕಿ ಏರಿತು.

ಏಳು ಬೆನ್ನುಗಳು ಲಟಲಟನೆ ಸದ್ದು ಮಾಡಿ ಎದ್ದು ನಿಂತವು. ಅರಸನ ಬೆರಳಿಗೆ ತಾಗುತ್ತಿದ್ದ ಹುಲ್ಲು ಕೆಳಗೆ ಹೋಯಿತು. ಅವನು ಗಾಬರಿಯಾಗಿ ಪರದೆ ಸರಿಸಿದ. ಏಳೇ ಜನ ಹೊತ್ತಿದ್ದಾರೆ, ಎಂಟನೆಯವನು ಹಾದಿಯ ಬದಿಯಲ್ಲಿ ಕೈಮುಗಿದು ನಿಂತಿದ್ದಾನೆ.

"ಒಬ್ಬ ಬಿಟ್ಟರೆ ಪಲ್ಲಕ್ಕಿ ಮೇಲೇಳುವುದು ಹೇಗೆ?" ಎಂದು ಅರಸ ಕೇಳಿದ.

ಮುಂದಿನ ಹುಡುಗ ತಲೆ ಎತ್ತದೆ ಹೇಳಿದ: "ನಾವು ನೆಟ್ಟಗೆ ನಡೆದರೆ ದಂಡಿಗೆ ಅಜ್ಜನ ಹೆಗಲಿಗೆ ಎಟುಕುತ್ತಿರಲಿಲ್ಲ, ಬುದ್ಧೀ. ಹೆಗಲು ಬಿಟ್ಟವನಿಗೆ ಸವಾರಿ ಇಲ್ಲವಲ್ಲ."

ಅರಸ ಕೆಳಗಿಳಿದ. ಬಹಳ ಹೊತ್ತು ಆ ಹುಲ್ಲನ್ನೇ ನೋಡಿದ. ಅದು ಎಂದಿನಷ್ಟೇ ಎತ್ತರವಿತ್ತು. ಅವನು ಮುದುಕನ ಕೈ ಹಿಡಿದು ಪಲ್ಲಕ್ಕಿಯ ಕಡೆಗೆ ನಡೆಸಿದ. ಮುದುಕ ಕೊಸರಿದ.

"ಹೆಗಲು ಬಿಟ್ಟವನು ನಾನು, ಬುದ್ಧೀ. ನಾನು ಕೂರಬಾರದು."

"ಹೆಗಲು ಕೊಡದೆ ಇದ್ದವನು ನಾನು. ಇಷ್ಟು ಕಾಲ ಕೂತಿದ್ದೆ," ಎಂದ ಅರಸ. ಮುದುಕನನ್ನು ಕೂರಿಸಿ, ಅವನು ಬಿಟ್ಟ ಜಾಗಕ್ಕೆ ಹೋಗಿ, ದಂಡಿಗೆಯ ಕೆಳಗೆ ಹೆಗಲಿಟ್ಟ.

ಪಲ್ಲಕ್ಕಿ ಘಾಟಿ ಇಳಿಯಿತು. ಮುದುಕ ಮೊದಲು ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ತೆರೆದ. ಕೆಳಗೆ ಹೊಳೆ, ಹೊಳೆಯ ಆಚೆ ಹಸಿರು, ಹಸಿರಿನ ನಡುವೆ ಊರು, ಅದರಾಚೆ ಇನ್ನೊಂದು ಊರು. ಅವನು ಮಗುವಿನಂತೆ ಎದ್ದು ಕೂತ.

"ಇದೆಲ್ಲ ಇಲ್ಲೇ ಇತ್ತಾ!" ಎಂದ.

ಅರಸನೂ ತನ್ನ ರಾಜ್ಯವನ್ನು ನೋಡೋಣವೆಂದು ಕಣ್ಣೆತ್ತಿದ. ಹೆಜ್ಜೆ ತಪ್ಪಿತು. ಎಂಟು ಮಂದಿಯೂ ಮುಗ್ಗರಿಸಿ ಸಾವರಿಸಿಕೊಂಡರು. ಮತ್ತೆ ಅವನು ಕಣ್ಣೆತ್ತಲಿಲ್ಲ. ಊರು ಮುಟ್ಟುವ ತನಕ ಅವನಿಗೆ ಕಂಡದ್ದು ಒಂದು ಹಿಮ್ಮಡಿ. ಅದು ಒಡೆದಿತ್ತು, ಒಡಕಿನಲ್ಲಿ ಮಣ್ಣು ತುಂಬಿತ್ತು.

ಮುದುಕಿ ತಟ್ಟೆ ಹಿಡಿದು ಓಡಿ ಬಂದಳು. ಹೊಸ್ತಿಲ ಮುಂದೆ ಬೆವತು ನಿಂತಿದ್ದ ಬೋಯಿಯ ಗುರುತು ಅವಳಿಗೆ ಸಿಗಲಿಲ್ಲ. "ಸ್ವಲ್ಪ ಆಚೆ ನಿಲ್ಲಪ್ಪಾ, ಆರತಿಗೆ ಅಡ್ಡ ಬರಬೇಡ," ಎಂದಳು. ಅರಸ ಆಚೆ ನಿಂತ.

ಜೊತೆಯವರ ಬೆನ್ನು ಕೆಲವು ದಿನಗಳಲ್ಲಿ ಪೂರ್ತಿ ನೆಟ್ಟಗಾಯಿತು. ಮುದುಕನದು ಕೊನೆಯ ತನಕ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೇತರಸ ರೆಪ್ಪೆ ಬಡಿಯದೆ ಕೂತಿದ್ದ. ಆಮೇಲೆ ಪ್ರಧಾನಿಯ ಬುದ್ಧಿ ಮರಳಿತು. ನಾಳೆಯ ಸಭೆ ನೆನಪಾಯಿತು.

"ಆಮೇಲೆ ಆ ಅರಸ ಬಿಡುಗಡೆಗೆ ಯಾವ ವಯಸ್ಸು ಗೊತ್ತು ಮಾಡಿದ, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಹೆಗಲ ಕಡೆ ನೋಡಿದರು.

"ಪಲ್ಲಕ್ಕಿಯಲ್ಲಿ ಕೂತು ಬಂದವನ ಶಲ್ಯಕ್ಕೆ ಹಾದಿಯ ಮಣ್ಣು ಹೇಗೆ ಹತ್ತಿತಪ್ಪಾ, ಕೇತರಸ?"

ಕೇತರಸ ಎದ್ದು ಆಲದ ನೆರಳಿನತ್ತ ನಡೆದ, ತನ್ನ ಬೋಯಿಗಳಲ್ಲಿ ಯಾರ ಬೆನ್ನು ಬಾಗಿದೆ ಎಂದು ನೋಡಲು.